ಸೆಕ್ಕಿ ಡಿಸ್ಕ್: ಸಾಣಾಪುರ ಕೆರೆಯಲ್ಲೂ ಇಳಿಸಿದೆ, ನೇತ್ರಾಣಿಯಲ್ಲೂ ಇಳಿಸಿದೆ

ನಾನು ಕೊಪ್ಪಳ ಜಿಲ್ಲೆಯ ಗಂಗಾವತಿ ಹತ್ತಿರದ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಹೋದ ಜುಲೈನಲ್ಲಿ ಆನ್‌ಲೈನ್‌ನಲ್ಲಿ ಒಂದು ಸೆಕ್ಕಿ ಡಿಸ್ಕ್ ತರಿಸಿದೆ. ನೀರೊಳಗೆ ಬೆಳಕು ಎಷ್ಟು ಆಳ ಹೋಗುತ್ತದೆ ಅಂತ ತಿಳಿಯೋಕೆ ಬಳಸುವ ತಟ್ಟೆ ಇದು. 20 ಸೆಂ.ಮೀ. ಅಗಲ, ನಾಲ್ಕು ಭಾಗ, ಒಂದು ಬಿಟ್ಟು ಒಂದು ಕಪ್ಪು, ಬಿಳಿ. ನಡುವೆ ಕೊಂಡಿ, ಜೊತೆಗೆ 10 ಮೀಟರ್ ನೈಲಾನ್ ಹಗ್ಗ. 1,150 ರೂಪಾಯಿ ಕೊಟ್ಟೆ. ಆರು ತಿಂಗಳು ಬಳಸಿದ ಮೇಲೆ ಬರೆಯುತ್ತಿದ್ದೇನೆ.

ಬಳಸೋದು ಸುಲಭ. ಬಿಸಿಲು ಚೆನ್ನಾಗಿರುವಾಗ, ದೋಣಿಯ ನೆರಳಿರುವ ಕಡೆ ಇಳಿಬಿಡಬೇಕು. ತಟ್ಟೆ ಕಣ್ಮರೆಯಾದಾಗ ಹಗ್ಗದ ಗುರುತು ನೋಡಿಕೊಳ್ಳಬೇಕು. ಮೇಲೆ ಎಳೆಯುವಾಗ ಮತ್ತೆ ಕಂಡಾಗ ಇನ್ನೊಂದು ಸಲ. ಎರಡರ ಸರಾಸರಿಯೇ ಲೆಕ್ಕ. ಇಟಲಿಯ ಪಾದ್ರಿ, ಖಗೋಳ ವಿಜ್ಞಾನಿ ಆಂಜೆಲೊ ಸೆಕ್ಕಿ 1865ರಲ್ಲಿ ಮೆಡಿಟರೇನಿಯನ್ ಸಮುದ್ರದಲ್ಲಿ ಇದನ್ನು ಪರೀಕ್ಷಿಸಿದ್ದರು. ಇವತ್ತಿಗೂ ಸಮುದ್ರ ವಿಜ್ಞಾನಿಗಳು ಬಳಸುತ್ತಾರೆ. ಬ್ಯಾಟರಿ ಬೇಡ, ಚಾರ್ಜರ್ ಬೇಡ.

ಮೊದಲು ಸಾಣಾಪುರ ಕೆರೆಗೆ ಹೋದೆವು. ಆಗಸ್ಟ್ ತಿಂಗಳು, ಕೆಂಪು ನೀರು. ಹರಿಗೋಲಿನ ಅಣ್ಣ ಬಗ್ಗಿ ನೋಡಿ, "ಈಗಾಗ್ಲೇ ಕಾಣವಲ್ದ್ರೀ ಟೀಚರ್" ಅಂದರು. ಹಗ್ಗ ಹೋಗಿದ್ದು ಬರೀ 60 ಸೆಂ.ಮೀ.! ಡಿಸೆಂಬರ್‌ನಲ್ಲಿ ಅದೇ ಜಾಗದಲ್ಲಿ 1.4 ಮೀಟರ್ ಬಂತು.

ತೊಂದರೆಗಳೂ ಅಲ್ಲೇ ಗೊತ್ತಾದವು. ತಟ್ಟೆ ತುಂಬಾ ಹಗುರ. ನೀರಿನ ಸೆಳೆತಕ್ಕೆ ಹಗ್ಗ ಓರೆಯಾಗುತ್ತದೆ, ಆಗ ಇರೋದಕ್ಕಿಂತ ಜಾಸ್ತಿ ಆಳ ತೋರಿಸುತ್ತದೆ. ಕಿರಾಣಿ ಅಂಗಡಿಯಿಂದ ಎರಡು ಕೆಜಿ ತೂಕದ ಕಲ್ಲು ಕೇಳಿ ತಂದು ಕೆಳಗೆ ಕಟ್ಟಿದೆ, ಸರಿಯಾಯಿತು. ಹಗ್ಗದ ಮೇಲಿನ ಶಾಯಿ ಗುರುತುಗಳು ಎರಡನೇ ದಿನಕ್ಕೇ ಅಳಿಸಿಹೋದವು. ಇದು ಸಣ್ಣ ವಿಷಯವಲ್ಲ, ಆ ಗುರುತೇ ಅಲ್ವಾ ಅಳತೆ? ಮಾರಿದವರಿಗೆ ಬರೆದೆ, ಉತ್ತರ ಬರಲಿಲ್ಲ. ಮಕ್ಕಳೇ ಮೀಟರಿಗೊಂದರಂತೆ ಕೆಂಪು ರಿಬ್ಬನ್ ಕಟ್ಟಿದರು.

ಆ ರಿಬ್ಬನ್ನೇ ಮುಂದೆ ದೊಡ್ಡ ಪಾಠವಾಯಿತು. ಡಿಸೆಂಬರ್ ಕೊನೆಗೆ ಮುರುಡೇಶ್ವರ ಪ್ರವಾಸಕ್ಕೆ ಡಿಸ್ಕ್ ಒಯ್ದಿದ್ದೆವು. ದಡದ ಹತ್ತಿರ 3 ಮೀಟರ್‌ಗೆ ಮಾಯವಾಯಿತು. ಬಿಳಿ ಭಾಗ ಹಸಿರಾಗಿ ಹಸಿರಾಗಿ ಕರಗಿತು. ದೋಣಿಯಲ್ಲಿ ನೇತ್ರಾಣಿ ದ್ವೀಪದ ಹತ್ತಿರ ಹೋಗಿ ಇಳಿಸಿದರೆ 10 ಮೀಟರ್ ಹಗ್ಗ ಮುಗಿದರೂ ತಟ್ಟೆ ಕಾಣುತ್ತಲೇ ಇತ್ತು! ದೋಣಿಯವರ ಹಗ್ಗ ಗಂಟು ಹಾಕಿ ಬಿಟ್ಟೆವು, 13 ಮೀಟರ್. ಅಲ್ಲಿ ಬಿಳಿ ಭಾಗ ತಿಳಿ ನೀಲಿಯಾಗಿತ್ತು. ಐದು ಮೀಟರ್ ಆಳದಲ್ಲಿದ್ದ ಕೆಂಪು ರಿಬ್ಬನ್ ಹೆಚ್ಚುಕಡಿಮೆ ಕಪ್ಪಾಗಿ ಕಂಡಿತು. "ಬಣ್ಣ ಬಿಟ್ಟೈತೇನ್ರೀ ಟೀಚರ್?" ಅಂತ ಒಬ್ಬ ಹುಡುಗಿ ಕೇಳಿದಳು. ಮೇಲೆ ಎಳೆದರೆ ಅದೇ ಕೆಂಪು.

ನೀರು ಮೊದಲು ನುಂಗೋದು ಕೆಂಪು ಬೆಳಕನ್ನೇ. ಐದು ಮೀಟರ್ ಇಳಿದು, ಮತ್ತೆ ಐದು ಮೀಟರ್ ಹತ್ತಿ ನಮ್ಮ ಕಣ್ಣಿಗೆ ಬರುವಷ್ಟರಲ್ಲಿ ಕೆಂಪು ಹೆಚ್ಚು ಉಳಿಯೋದಿಲ್ಲ. ತಿಳಿ ನೀರಿನಲ್ಲಿ ನೀಲಿಯೇ ಬಲು ದೂರ ಹೋಗುತ್ತದೆ. ದಡದಲ್ಲಿ ಕತೆ ಬೇರೆ. ನದಿ ತಂದ ಮಣ್ಣು ಬೆಳಕನ್ನು ಚದುರಿಸುತ್ತದೆ. ಕೊಳೆತ ಎಲೆಗಳ ಹಳದಿ ರಸ, ಕಣ್ಣಿಗೆ ಕಾಣದ ಪಾಚಿ ಸೇರಿ ನೀಲಿಯನ್ನೂ ತಿನ್ನುತ್ತವೆ. ಹಾಗಾಗಿ ಹಸಿರು ಉಳಿಯುತ್ತದೆ. ಅಂಟಾರ್ಕ್ಟಿಕಾ ಪಕ್ಕದ ವೆಡ್ಡೆಲ್ ಸಮುದ್ರದಲ್ಲಿ 1986ರಲ್ಲಿ ಇಂಥದ್ದೇ ಡಿಸ್ಕ್ ಸುಮಾರು 80 ಮೀಟರ್ ಆಳದವರೆಗೂ ಕಂಡಿತ್ತು. ನಮ್ಮ ಕೆರೆಯ 60 ಸೆಂ.ಮೀ. ಪಕ್ಕದಲ್ಲಿ ಆ ಅಂಕಿ ಬರೆದಾಗ ಕ್ಲಾಸ್ ಪೂರ್ತಿ ಸುಮ್ನಾಯಿತು.

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಡಿಮೆ ಮಾಡಿದ್ದು ಹಗ್ಗಕ್ಕೆ. ತಟ್ಟೆಯ ಬಣ್ಣ ಉಪ್ಪುನೀರಿಗೂ ಜಗ್ಗಲಿಲ್ಲ, ಮನೆಗೆ ಬಂದು ಸಿಹಿನೀರಿನಲ್ಲಿ ತೊಳೆದಿಟ್ಟಿದ್ದೇನೆ. ಶಾಲೆಗೆ ತಗೊಳ್ಳೋರು ಇದೇ 20 ಸೆಂ.ಮೀ.ನದ್ದು ತಗೊಳ್ಳಿ. ಸಮುದ್ರಕ್ಕಷ್ಟೇ ಆದರೆ 30 ಸೆಂ.ಮೀ.ನ ಪೂರ್ತಿ ಬಿಳಿ ತಟ್ಟೆ ವಾಸಿ. ಹಗ್ಗ ಮಾತ್ರ ನೀವೇ ಬೇರೆ ಕೊಳ್ಳಿ, ಹಿಗ್ಗದಂಥದ್ದು, ಕನಿಷ್ಠ 25 ಮೀಟರ್.