ಮನೆಯ ಸರ್ವರ್‌ಗೆ ಉಬುಂಟು, ಆಲ್ಮಾ, ಡೆಬಿಯನ್: ಓಡಿಸಿ ನೋಡಿದ ಮೇಲೆ

ಮನೆಯಲ್ಲಿ ಸರ್ವರ್ ಇದೆ ಅನ್ನೋದು ಮನೆಯವರಿಗೆ ನೆನಪೇ ಆಗಬಾರದು. ನನಗೆ ಸ್ಥಿರತೆ ಅಂದರೆ ಅಷ್ಟೇ. ಮೈಸೂರಿನ ಕುವೆಂಪುನಗರದ ನಮ್ಮ ಮನೆಯಲ್ಲಿ 8 ಜಿಬಿ ಮೆಮೊರಿಯ ಹಳೆಯ ಡೆಸ್ಕ್‌ಟಾಪ್ ಈ ಕೆಲಸ ಮಾಡುತ್ತಿದೆ. ಎಲ್ಲರ ಫೋಟೊಗಳು, ಅಮ್ಮನ ಸಿನಿಮಾಗಳಿಗೆ ಜೆಲ್ಲಿಫಿನ್, ಜಾಹೀರಾತು ತಡೆಯಲು ಪೈ-ಹೋಲ್. ಇದರ ಮೇಲೆಯೇ ಉಬುಂಟು ಸರ್ವರ್ 24.04, ಆಲ್ಮಾಲಿನಕ್ಸ್ 9, ಡೆಬಿಯನ್ 12 ಈ ಮೂರೂ ಲಿನಕ್ಸ್ ಆಪರೇಟಿಂಗ್ ಸಿಸ್ಟಂಗಳನ್ನು ಓಡಿಸಿದೆ.

ಹಾಕಲು ಸುಲಭ ಉಬುಂಟು. ಐದು ವರ್ಷದ ಬೆಂಬಲ ಇದೆ. ಉಬುಂಟು ಪ್ರೋ ಸೇರಿಸಿಕೊಂಡರೆ ಹತ್ತು ವರ್ಷ, ಸ್ವಂತ ಬಳಕೆಗೆ ಐದು ಯಂತ್ರಗಳವರೆಗೆ ಉಚಿತ. ಆದರೆ ಪೈ-ಹೋಲ್‌ಗೆ ಬೇಕಾದ 53ನೇ ಪೋರ್ಟ್‌ನಲ್ಲಿ (ವೆಬ್ ವಿಳಾಸ ಹುಡುಕುವ ಕೋರಿಕೆಗಳು ಬರುವ ದಾರಿ) ಉಬುಂಟುವಿನದೇ ವಿಳಾಸ ಹುಡುಕುವ ಸೇವೆ ಸಿಸ್ಟಂಡಿ-ರಿಸಾಲ್ವ್ಡ್ ಮೊದಲೇ ಕೂತಿರುತ್ತದೆ. ಆ ಪೋರ್ಟ್ ಹಿಡಿದಿರುವ ಅದರ ಸ್ಟಬ್ ಲಿಸನರ್ ಎಂಬ ಭಾಗ ನಿಲ್ಲಿಸಿದ ಮೇಲೇ ಮುಂದಿನ ಕೆಲಸ. ಇನ್‌ಸ್ಟಾಲ್ ಮಾಡುವಾಗ ಡಾಕರ್ (ಆ್ಯಪ್‌ಗಳನ್ನು ಕಂಟೇನರ್ ಎಂಬ ಪ್ರತ್ಯೇಕ ಪೆಟ್ಟಿಗೆಗಳಲ್ಲಿ ಓಡಿಸುವ ಸಾಧನ) ಬೇಕಾ ಅಂತ ಕೇಳುತ್ತದಲ್ವಾ, ಅಲ್ಲಿ ಸಿಗುವುದು ಸ್ನ್ಯಾಪ್ (ಉಬುಂಟುವಿನ ಸ್ವಂತ ಪ್ಯಾಕೇಜ್ ಪದ್ಧತಿ) ರೂಪದ ಡಾಕರ್. ಹೋಮ್ ಫೋಲ್ಡರ್ ಆಚೆಗಿನ ಫೈಲ್‌ಗಳು ಅದಕ್ಕೆ ಮಾಮೂಲಾಗಿ ಕಾಣಿಸುವುದಿಲ್ಲ. ನಮ್ಮ ಫೋಟೊಗಳಿರುವುದು ಬೇರೆ ಡಿಸ್ಕ್‌ನಲ್ಲಿ. ಸಾಲದ್ದಕ್ಕೆ ಸ್ನ್ಯಾಪ್‌ಗಳು ದಿನಕ್ಕೆ ನಾಲ್ಕು ಸಲ ಅಪ್‌ಡೇಟ್ ಹುಡುಕಿ ತಾವೇ ಹಾಕಿಕೊಳ್ಳುತ್ತವೆ. ತಡೆಹಿಡಿಯಬಹುದು ನಿಜ, ಆದರೆ ಕೇಳದೇ ಬದಲಾಗುವ ಸರ್ವರ್ ನನಗೆ ಇಷ್ಟವಿಲ್ಲ.

ಆಲ್ಮಾ ಹುಟ್ಟಿದ್ದೇ ಒಂದು ಪೆಟ್ಟಿನಿಂದ. 2029ರವರೆಗೆ ಇರಬೇಕಿದ್ದ ಸೆಂಟ್ಓಎಸ್ 8 ಎಂಬ ಉಚಿತ ಲಿನಕ್ಸ್ ಅನ್ನು 2021ರ ಕೊನೆಗೇ ನಿಲ್ಲಿಸುವುದಾಗಿ 2020ರ ಡಿಸೆಂಬರ್‌ನಲ್ಲಿ ಘೋಷಿಸಿದರು. ಆ ಜಾಗ ತುಂಬಲು ಬಂದದ್ದು ಆಲ್ಮಾ ಮತ್ತು ರಾಕಿ ಲಿನಕ್ಸ್. ಆಲ್ಮಾ 9ಕ್ಕೆ 2032ರವರೆಗೆ ಭದ್ರತಾ ಅಪ್‌ಡೇಟ್ ಬರುತ್ತದೆ, ಹಾಕಿ ಮರೆಯುವವರಿಗೆ ಇದು ದೊಡ್ಡ ಮಾತು. ಎಸ್‌ಇಲಿನಕ್ಸ್ ಎಂಬ ಅದರ ಭದ್ರತಾ ಕಾವಲು ಮಾತ್ರ ಕಟ್ಟುನಿಟ್ಟು. ಕಂಟೇನರ್‌ಗೆ ಫೋಲ್ಡರ್ ಕೊಡುವಾಗ ಸರಿಯಾದ ಲೇಬಲ್ ಇಲ್ಲದಿದ್ದರೆ ಅನುಮತಿ ಇಲ್ಲ ಅನ್ನುತ್ತದೆ. ಆಫೀಸಿಗೆ ಒಳ್ಳೆಯದು, ಮನೆಗೆ ಜಾಸ್ತಿ ಅನ್ನಿಸಿತು.

ಕರೆಂಟ್ ವಿಷಯದಲ್ಲಿ ಮೂರೂ ಒಂದೇ. ಏಪ್ರಿಲ್-ಮೇ ಸಂಜೆಯ ಗಾಳಿ-ಮಳೆಗೆ ನಮ್ಮಲ್ಲಿ ಕರೆಂಟ್ ಹೋಗುತ್ತದೆ. ಡಿಸ್ಕ್‌ನ ಫೈಲ್ ವ್ಯವಸ್ಥೆ ಎಕ್ಸ್ಟಿ4 ಇರಲಿ, ಎಕ್ಸ್‌ಎಫ್‌ಎಸ್ ಇರಲಿ, ಮತ್ತೆ ಆನ್ ಆದಾಗ ಜರ್ನಲ್ (ಬದಲಾವಣೆಗಳ ದಾಖಲೆ) ಓದಿಕೊಂಡು ಸರಿಹೋದವು. ಕರೆಂಟ್ ಬಂದ ಕೂಡಲೇ ಯಂತ್ರ ತಾನೇ ಏಳುವಂತೆ ಬಯೋಸ್‌ನಲ್ಲಿ ಹೇಳಿಡಿ.

ನಾನು ಉಳಿಸಿಕೊಂಡಿದ್ದು ಡೆಬಿಯನ್. ಸ್ಟೇಬಲ್ ಆವೃತ್ತಿ ಬಿಡುಗಡೆಯಾದ ಮೇಲೆ ಪ್ಯಾಕೇಜ್‌ಗಳ ಆವೃತ್ತಿ ಹೆಚ್ಚುಕಡಿಮೆ ಅಲ್ಲೇ ನಿಲ್ಲುತ್ತದೆ. ಬರುವುದು ಭದ್ರತೆಯ ತಿದ್ದುಪಡಿ, ದೊಡ್ಡ ದೋಷಗಳ ರಿಪೇರಿ. ಬೆಂಬಲ ಮೂರು ವರ್ಷ, ಆಮೇಲೆ ಎಲ್‌ಟಿಎಸ್ (ದೀರ್ಘಾವಧಿ ಬೆಂಬಲ) ತಂಡದಿಂದ ಇನ್ನೆರಡು ವರ್ಷ. ಅನ್ಅಟೆಂಡೆಡ್-ಅಪ್‌ಗ್ರೇಡ್ಸ್ ಹಾಕಿಟ್ಟರೆ ತಿದ್ದುಪಡಿಗಳು ತಾವಾಗಿಯೇ ಕೂರುತ್ತವೆ, ಬೇರೇನೂ ಕದಲುವುದಿಲ್ಲ. ಸುಮ್ನೆ ಹಾಕಿದಾಗ 53ನೇ ಪೋರ್ಟ್ ಖಾಲಿಯೇ ಇತ್ತು. ಮೊದಲೆಲ್ಲ ವೈಫೈಯಂಥ ಭಾಗಗಳಿಗೆ ಬೇಕಾದ ಫರ್ಮ್‌ವೇರ್ ಬೇರೆ ಹುಡುಕಬೇಕಿತ್ತು, 12ರಿಂದ ಇನ್‌ಸ್ಟಾಲರ್‌ನಲ್ಲೇ ಬರುತ್ತದೆ.

2025ರ ಆಗಸ್ಟ್‌ನಲ್ಲಿ 13 ಬಂತು, ಹೊಸದಾಗಿ ಹಾಕುವವರು ಅದನ್ನೇ ಹಾಕಿ. ಅದರಲ್ಲಿ ತಾತ್ಕಾಲಿಕ ಫೈಲ್‌ಗಳ ಟಿಎಂಪಿ ಫೋಲ್ಡರ್ ಮೆಮೊರಿಯಲ್ಲಿ ಕೂರುತ್ತದೆ, ಅರ್ಧ ಮೆಮೊರಿಯವರೆಗೂ ಬೆಳೆಯಬಹುದು. ನನ್ನಂತೆ 8 ಜಿಬಿ ಇದ್ದವರು ಟಿಎಂಪಿ ಮೌಂಟನ್ನು ಮಾಸ್ಕ್ ಮಾಡಿದರೆ (ಶುರುವಾಗದಂತೆ ತಡೆದರೆ) ಅದು ಮತ್ತೆ ಡಿಸ್ಕ್‌ಗೆ ಬರುತ್ತದೆ.

ಮಂಡ್ಯದ ಭಾವನವರಿಗೆ ಮಾತ್ರ ಉಬುಂಟು ಹಾಕಿಕೊಟ್ಟೆ. ಅವರ ಹೊಸ ಮಿನಿ ಪಿಸಿಯ ನೆಟ್‌ವರ್ಕ್ ಚಿಪ್ಪನ್ನು ಡೆಬಿಯನ್ 12ರ 6.1 ಕರ್ನಲ್ (ಸಿಸ್ಟಂನ ತಿರುಳು) ಗುರುತಿಸಲಿಲ್ಲ, ಉಬುಂಟುವಿನ 6.8 ಗುರುತಿಸಿತು. ಡಾಕರ್ ಅನ್ನು ಸ್ನ್ಯಾಪ್ ಬಿಟ್ಟು ಮಾಮೂಲಿ ಪ್ಯಾಕೇಜ್ ಸಾಧನ ಏಪಿಟಿಯಿಂದ ಹಾಕಿದ್ದೇನೆ.