ಸ್ಕ್ರೀನ್‌ಶಾಟ್ ನೋಡಿ ಫ್ಲೋ ಎತ್ತಿಕೊಳ್ಳುವವರಿಗೆ ಎಚ್ಚರಿಕೆ

ಫ್ಲೋ ಎಂದರೆ ಆ್ಯಪಿನಲ್ಲಿ ಒಂದು ಕೆಲಸ ಮುಗಿಸಲು ದಾಟಬೇಕಾದ ಸ್ಕ್ರೀನುಗಳ ಸಾಲು. ಮಾಬಿನ್, ಪೇಜ್ ಫ್ಲೋಸ್‌ನಂಥ ಸಂಗ್ರಹಗಳಿಂದ ದೊಡ್ಡ ಆ್ಯಪ್‌ಗಳ ಸ್ಕ್ರೀನ್‌ಶಾಟ್ ತಂದು ಡಿಸೈನ್ ಟೂಲ್ ಫಿಗ್ಮಾದ ಬೋರ್ಡಿನಲ್ಲಿ ಸಾಲಾಗಿ ಜೋಡಿಸಿದರೆ ರಿಸರ್ಚ್ ಮುಗಿಯಿತು ಎಂದುಕೊಳ್ಳುವ ತಂಡಗಳಿವೆ. ಹಾಗೆ ಹೊರಟ ಒಂದು ಅಪಾಯಿಂಟ್‌ಮೆಂಟ್ ಬುಕಿಂಗ್ ಆ್ಯಪ್ ಬಿಡುಗಡೆಯ ಹೊತ್ತಿಗೂ ಆಮೇಲೂ ಎಲ್ಲೆಲ್ಲಿ ಮುಗ್ಗರಿಸಿತು ಎಂಬುದು ಇಲ್ಲಿದೆ.

ದೊಡ್ಡ ಹೊಡೆತ ಬಿದ್ದದ್ದು ನೋಟಿಫಿಕೇಶನ್ ಅನುಮತಿಯಲ್ಲಿ. ಮಾದರಿಯಾಗಿ ಹಿಡಿದದ್ದು ಒಂದು ಚಾಟ್ ಆ್ಯಪ್; ಅದು ಸೈನ್‌ಅಪ್ ಹೊತ್ತಿಗೇ ಅನುಮತಿ ಕೇಳುತ್ತಿತ್ತು, ಇವರೂ ಅಲ್ಲೇ ಕೇಳಿದರು. ಚಾಟ್‌ಗೆ ನೋಟಿಫಿಕೇಶನ್ ಯಾಕೆ ಬೇಕೆಂದು ಯಾರಿಗೂ ಹೇಳಬೇಕಿಲ್ಲ. ಹೆಸರೇ ಕೇಳದ ಬುಕಿಂಗ್ ಆ್ಯಪ್‌ಗೆ ಜನ ‘ಬೇಡ’ ಒತ್ತಿದರು. ಐಫೋನಿನಲ್ಲಿ ಸಿಸ್ಟಂನ ಆ ಪ್ರಶ್ನೆ ಬರುವುದು ಒಂದೇ ಸಲ; ಆಮೇಲೆ ಬಳಕೆದಾರರೇ ಸೆಟ್ಟಿಂಗ್ಸ್‌ಗೆ ಹೋಗಬೇಕು. ಆಂಡ್ರಾಯ್ಡ್ 13ರಿಂದ ಅಲ್ಲೂ ಅನುಮತಿ ಕೇಳಲೇಬೇಕು, ಎರಡು ಸಲ ನಿರಾಕರಿಸಿದರೆ ಮತ್ತೆ ಡೈಲಾಗ್ ಬರುವುದಿಲ್ಲ. ಅಪಾಯಿಂಟ್‌ಮೆಂಟ್ ನೆನಪಿಸಬೇಕಾದ ಆ್ಯಪ್ ಹೀಗೆ ಮೂಕವಾಯಿತು. ಬುಕಿಂಗ್ ಖಚಿತವಾದ ಮೇಲೆ ‘ಹಿಂದಿನ ದಿನ ನೆನಪಿಸಬೇಕೇ?’ ಎಂದು ನಿಮ್ಮದೇ ಸ್ಕ್ರೀನಿನಲ್ಲಿ ಕೇಳಿ. ‘ಹೌದು’ ಎಂದವರಿಗೆ ಮಾತ್ರ ಸಿಸ್ಟಂ ಡೈಲಾಗ್ ತೋರಿಸಿ.

ಇನ್ನು ಓಟಿಪಿ. ಚಿತ್ರದಲ್ಲಿ ಆರು ಚೌಕ, ಪಕ್ಕದಲ್ಲೇ ಹೋಮ್ ಸ್ಕ್ರೀನ್. ನಡುವೆ ನಡೆಯುವುದು ಬೇರೆ: ಬಳಕೆದಾರ ಮೆಸೇಜ್ ನೋಡಲು ಹೊರಗೆ ಹೋಗುತ್ತಾನೆ, ರ‍್ಯಾಮ್ ಕಡಿಮೆಯಿರುವ ಫೋನು ಆ್ಯಪನ್ನು ಮುಚ್ಚಿಬಿಡುತ್ತದೆ, ವಾಪಸ್ ಬಂದರೆ ಮತ್ತೆ ನಂಬರ್ ಕೇಳುವ ಸ್ಕ್ರೀನ್. ಹೊಸ ಓಟಿಪಿ ಕೇಳುತ್ತಾನೆ, ತಡವಾಗಿ ಬಂದ ಹಳೆಯದನ್ನು ಹಾಕುತ್ತಾನೆ, ‘ತಪ್ಪು ಓಟಿಪಿ’. ನಂಬರು ಮತ್ತು ಓಟಿಪಿ ಕಳಿಸಿದ ಸಮಯ ಫೋನಿನಲ್ಲಿ ಉಳಿದಿರಬೇಕು. ಆರು ಚೌಕಗಳ ಬದಲು ಒಂದೇ ಫೀಲ್ಡ್ ಇಟ್ಟರೆ ಪೇಸ್ಟ್, ಆಟೋಫಿಲ್ ಎರಡೂ ತಂಟೆಯಿಲ್ಲದೆ ನಡೆಯುತ್ತವೆ. ಚೌಕ ಚೆಂದ ಕಾಣುತ್ತದೆ, ಅಷ್ಟೇ.

ಅಕೌಂಟ್ ಡಿಲೀಟ್ ಫ್ಲೋ ಯಾರ ಬೋರ್ಡಿನಲ್ಲೂ ಇರಲಿಲ್ಲ, ಸ್ಟೋರಿಗೆ ಬಿಡುವ ಮುನ್ನ ಆ್ಯಪಲ್ ಮಾಡುವ ಪರಿಶೀಲನೆಯಲ್ಲಿ ಆ್ಯಪ್ ತಿರಸ್ಕಾರವಾಯಿತು. ಆ್ಯಪಿನಲ್ಲಿ ಅಕೌಂಟ್ ತೆರೆಯಬಹುದಾದರೆ ಅಳಿಸುವ ದಾರಿಯೂ ಅಲ್ಲೇ ಇರಬೇಕೆಂಬ ನಿಯಮ 2022ರ ಜೂನ್ 30ರಿಂದ ಜಾರಿಯಲ್ಲಿದೆ. ಪ್ಲೇ ಸ್ಟೋರ್ ಇದರ ಜೊತೆಗೆ ವೆಬ್ ಲಿಂಕನ್ನೂ ಕೇಳುತ್ತದೆ.

ಸಂಗ್ರಹದ ಚಿತ್ರ ಹಳೆಯ ಆವೃತ್ತಿಯದ್ದಿರಬಹುದು, ಎ/ಬಿ ಟೆಸ್ಟಿನಲ್ಲಿ (ಬೇರೆ ಬೇರೆ ಬಳಕೆದಾರರಿಗೆ ಬೇರೆ ಬೇರೆ ಡಿಸೈನ್ ತೋರಿಸಿ ಹೋಲಿಸುವ ಪರೀಕ್ಷೆ) ಸೋತು ಹಿಂತೆಗೆದ ಡಿಸೈನೂ ಆಗಿರಬಹುದು. ಆದ್ದರಿಂದ ಮೂರು ನಾಲ್ಕು ಆ್ಯಪ್ ಸಾಕು, ಆದರೆ ನೀವೇ ಇನ್‌ಸ್ಟಾಲ್ ಮಾಡಿ. ಒಂದಾದರೂ ಬೇರೆ ಕ್ಷೇತ್ರದ್ದಿರಲಿ, ಆದರೆ ಅದು ಬಿಡಿಸುವ ಸಮಸ್ಯೆ ನಿಮ್ಮದರಂಥದ್ದೇ ಆಗಿರಲಿ. ಆಂಡ್ರಾಯ್ಡ್, ಐಫೋನ್ ಎರಡರಲ್ಲೂ ಹೊಸ ಅಕೌಂಟಿನಿಂದ ಹೋಗಿ, ಸ್ಕ್ರೀನ್ ರೆಕಾರ್ಡ್ ಮಾಡಿ, ಆ್ಯಪ್ ಮತ್ತು ಓಎಸ್ ಆವೃತ್ತಿ, ದಿನಾಂಕ ಬರೆದಿಡಿ. ಇನ್ನೊಂದು ಅಕೌಂಟಿನಲ್ಲಿ ಬೇರೆ ಸ್ಕ್ರೀನ್ ಬಂದರೆ ಅದು ಎ/ಬಿ ಟೆಸ್ಟ್ ಇರಬಹುದು. ಆಮೇಲೆ ಬೇಕೆಂದೇ ಕೆಡಿಸಿ: ಏರ್‌ಪ್ಲೇನ್ ಮೋಡ್ ಹಾಕಿ, ಅವಧಿ ಮೀರಿದ ಓಟಿಪಿ ಕೊಡಿ, ಅನುಮತಿ ನಿರಾಕರಿಸಿ, ನಡುದಾರಿಯಲ್ಲಿ ಆ್ಯಪ್ ಮುಚ್ಚಿ, ಅಕ್ಷರದ ಗಾತ್ರ ಗರಿಷ್ಠಕ್ಕೆ ಏರಿಸಿ. ಬ್ಯಾಕ್ ಒತ್ತಿದರೆ ಎಲ್ಲಿಗೆ ಹೋಗುತ್ತದೆ ಎನ್ನುವುದನ್ನೂ ಗುರುತಿಸಿ. ಅರ್ಧದಷ್ಟು ಗೊಂದಲ ಅಲ್ಲೇ ಸಿಗುತ್ತದೆ. ಒಂದು ಸ್ಟಾರ್ ರಿವ್ಯೂಗಳನ್ನು ಈ ಟಿಪ್ಪಣಿಯ ಪಕ್ಕದಲ್ಲಿಟ್ಟು ಓದಿ.

ಪ್ರತಿ ಸ್ಕ್ರೀನಿನ ಕೆಳಗೆ ‘ಇದು ಇಲ್ಲೇ ಯಾಕಿದೆ’ ಎಂಬ ಒಂದು ಸಾಲು ಬರೆಯಿರಿ. ಬರೆಯಲಾಗದ ಸ್ಕ್ರೀನನ್ನು ತರಬೇಡಿ. ಪೇಮೆಂಟ್ ಸ್ಕ್ರೀನುಗಳು ಆಂಡ್ರಾಯ್ಡ್ ರೆಕಾರ್ಡಿಂಗ್‌ನಲ್ಲಿ ಎಷ್ಟೋ ಸಲ ಕಪ್ಪಾಗಿ ಬರುತ್ತವೆ, ಅವುಗಳನ್ನು ಇನ್ನೊಂದು ಫೋನಿನ ಕ್ಯಾಮೆರಾದಲ್ಲಿ ಹಿಡಿಯಿರಿ. ಬೋರ್ಡಿಗೆ ಹಾಕುವ ಮೊದಲು ಫೋನ್ ನಂಬರು, ಕಾರ್ಡಿನ ಅಂಕಿ ಅಳಿಸಿ.