ಮನೆ ಲೀಸ್‌ಗೆ ಹಾಕಿಕೊಳ್ಳುವ ಮುಂಚೆ ಇದನ್ನು ಓದಿ: ನಮ್ಮ 18 ಲಕ್ಷ ಸಿಕ್ಕಿಹಾಕಿಕೊಂಡ ಕಥೆ

ಬೆಂಗಳೂರಲ್ಲಿ ಭೋಗ್ಯಕ್ಕೆ ಮನೆ ಹುಡುಕುತ್ತಿರುವವರು ದಯವಿಟ್ಟು ಪೂರ್ತಿ ಓದಿ. ಉದ್ದ ಇದೆ, ಗೊತ್ತು. ಆದರೆ ದುಡ್ಡು ಕೊಡುವ ಮುಂಚೆ ಇಷ್ಟನ್ನು ಯಾರಾದರೂ ನಮಗೆ ಹೇಳಿದ್ದರೆ ಸಾಕಿತ್ತು.

ನಾವು ತಿಪಟೂರು ಕಡೆಯವರು. ನನಗೆ ಪೀಣ್ಯದಲ್ಲಿ ಕೆಲಸ, ಇಬ್ಬರು ಮಕ್ಕಳು. 2021ರ ತನಕ ಲಗ್ಗೆರೆಯಲ್ಲಿ ಬಾಡಿಗೆಗೆ ಇದ್ದೆವು. ತಿಂಗಳಿಗೆ 13 ಸಾವಿರ ಬಾಡಿಗೆ, ಮೇಲೆ ನೀರಿನ ಬಿಲ್ಲು. ಕೊರೋನಾ ಟೈಮಲ್ಲಿ ಅರ್ಧ ಸಂಬಳ ಬಂದಾಗ ಆ 13 ಸಾವಿರ ಎದೆ ಮೇಲೆ ಕಲ್ಲಿಟ್ಟ ಹಾಗಿತ್ತು. ಆಗ ಪಕ್ಕದ ಮನೆಯವರು "ಬಾಡಿಗೆ ಯಾಕೆ ಕಟ್ತೀರಾ, ಲೀಸ್‌ಗೆ ಹಾಕ್ಕೊಳಿ, ಬಿಡುವಾಗ ದುಡ್ಡು ಪೂರ್ತಿ ವಾಪಸ್ ಬರುತ್ತಲ್ವಾ" ಅಂದರು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಲೀಸ್ ಅಂದರೆ ಓನರ್‌ಗೆ ಒಂದೇ ಸಲ ದೊಡ್ಡ ಮೊತ್ತ ಕೊಡುವುದು, ಎರಡು ಮೂರು ವರ್ಷ ಬಾಡಿಗೆ ಇಲ್ಲದೆ ಇರುವುದು, ಖಾಲಿ ಮಾಡುವಾಗ ಆ ಮೊತ್ತ ವಾಪಸ್ ತೆಗೆದುಕೊಳ್ಳುವುದು. ಕೇಳೋಕೆ ಬಿಟ್ಟಿ ಮನೆ ಸಿಕ್ಕಿದ ಹಾಗೆ ಇರುತ್ತದೆ.

ಬ್ರೋಕರ್ ಅಂದ್ರಹಳ್ಳಿ ಕಡೆ ಒಂದು ಡುಪ್ಲೆಕ್ಸ್ ತೋರಿಸಿದ. 20x30 ಸೈಟು. ಕೆಳಗೆ ಹಾಲು, ಅಡುಗೆ ಮನೆ, ಒಂದು ರೂಮು. ಒಳಗಿಂದಲೇ ಮೆಟ್ಟಿಲು, ಮೇಲೆ ಎರಡು ರೂಮು, ಪುಟ್ಟ ಬಾಲ್ಕನಿ. ಮಕ್ಕಳು ಮೆಟ್ಟಿಲು ಹತ್ತಿ ಇಳಿದು ಹತ್ತಿ ಇಳಿದು ಆಡಿದ್ದೇ ಆಡಿದ್ದು. ನನ್ನ ಹೆಂಡತಿ ಅಡುಗೆ ಮನೆ ಕಿಟಕಿ ತೆಗೆದು ಆಚೆ ನೋಡಿದಳು, ಅಷ್ಟಕ್ಕೇ ನಮ್ಮ ಮನಸ್ಸು ಆ ಮನೆಗೆ ಹೋಗಿಬಿಟ್ಟಿತ್ತು. ಮೂರು ವರ್ಷಕ್ಕೆ 15 ಲಕ್ಷ ಅಂದರು. ಬ್ರೋಕರ್ ಕಮಿಷನ್ ಎರಡು ಪರ್ಸೆಂಟ್, ಅಂದರೆ 30 ಸಾವಿರ.

ಆ 15 ಲಕ್ಷ ಎಲ್ಲಿಂದ ಬಂತು ಅಂತ ಹೇಳಲೇಬೇಕು. ನನ್ನ ಉಳಿತಾಯ ಮತ್ತು ಪಿಎಫ್ ಅಡ್ವಾನ್ಸ್ ಸೇರಿ ಆರು ಲಕ್ಷ. ಹೆಂಡತಿ ಒಡವೆ ಇಟ್ಟು ನಾಲ್ಕು ಲಕ್ಷ. ಉಳಿದ ಐದು ಲಕ್ಷ ಅಪ್ಪ ಕೊಟ್ಟಿದ್ದು, ವರ್ಷಗಟ್ಟಲೆ ಕೊಬ್ಬರಿ ಮಾರಿ ಕೂಡಿಟ್ಟ ದುಡ್ಡು. ಕೊಡುವಾಗ ಅಪ್ಪ ಒಂದೇ ಮಾತು ಕೇಳಿದರು: "ಕಾಗದ ಪತ್ರ ಎಲ್ಲ ನೋಡಿದ್ಯೇನಪ್ಪಾ?" ನೋಡಿದೀನಿ ಅಂದೆ. ನಾನು ನೋಡಿದ್ದು ಜೆರಾಕ್ಸ್ ಮಾತ್ರ. ಆ ಮಾತು ಇವತ್ತಿಗೂ ಚುಚ್ಚುತ್ತದೆ.

ಏನೇನು ಜೆರಾಕ್ಸ್ ಅಂದರೆ, ಕ್ರಯಪತ್ರ, ಕಂದಾಯ ರಸೀದಿ, ಕರೆಂಟ್ ಬಿಲ್ಲು, ಜೊತೆಗೆ ಒಂದು ಇಸಿ. ಇಸಿ ಅಂದರೆ ಆ ಆಸ್ತಿ ಮೇಲೆ ರಿಜಿಸ್ಟರ್ ಆಗಿರುವ ಮಾರಾಟ, ಅಡಮಾನ ಎಲ್ಲ ತೋರಿಸುವ ಋಣಭಾರ ಪತ್ರ. ಅದರಲ್ಲಿ ಸಾಲದ ಸುದ್ದಿಯೇ ಇರಲಿಲ್ಲ, ನಮಗೆ ಸಮಾಧಾನ ಆಯಿತು. ಆದರೆ ಆ ಇಸಿ 2017ರ ತನಕದ್ದು. ಓನರ್ ಸಾಲ ತೆಗೆದಿದ್ದು 2018ರಲ್ಲಿ. ಇಸಿ ಮೇಲೆ ಯಾವ ದಿನಾಂಕದಿಂದ ಯಾವ ದಿನಾಂಕದ ತನಕ ಅಂತ ಬರೆದಿರುತ್ತದೆ, ಆ ಒಂದು ಸಾಲು ನಾವು ಓದಲಿಲ್ಲ. ಒರಿಜಿನಲ್ ಕ್ರಯಪತ್ರ ತೋರಿಸಿ ಸಾರ್ ಅಂತ ಕೇಳಿದ್ದೆ. "ಅದು ಊರಲ್ಲಿ ಲಾಕರ್‌ನಲ್ಲಿದೆ ಕಣಪ್ಪ, ಹೋದಾಗ ತರ್ತೀನಿ" ಅಂದರು. ಒರಿಜಿನಲ್ ಇದ್ದಿದ್ದು ಬ್ಯಾಂಕಿನಲ್ಲಿ. ದಯವಿಟ್ಟು ಇದನ್ನು ನೆನಪಿಡಿ. ಒರಿಜಿನಲ್ ಊರಲ್ಲಿದೆ, ತಮ್ಮನ ಹತ್ತಿರ ಇದೆ, ಲಾಕರ್ ಕೀ ಸಿಗುತ್ತಿಲ್ಲ ಅಂದರೆ ಅದನ್ನು ಕಣ್ಣಾರೆ ನೋಡುವ ತನಕ ಒಂದು ರೂಪಾಯಿಯೂ ಕೊಡಬೇಡಿ.

ಅಗ್ರಿಮೆಂಟ್ ಛಾಪಾ ಕಾಗದದಲ್ಲಿ ಟೈಪ್ ಮಾಡಿಸಿ ನೋಟರಿ ಸೀಲ್ ಹಾಕಿಸಿದೆವು. ರಿಜಿಸ್ಟರ್ ಮಾಡಿಸೋಣವಾ ಅಂತ ಕೇಳಿದಾಗ ಬ್ರೋಕರ್ "ಯಾರೂ ಮಾಡಿಸಲ್ಲ, ಸುಮ್ನೆ ಖರ್ಚು" ಅಂದ. ನಿಜ, ಸುತ್ತಮುತ್ತ ಯಾರೂ ಮಾಡಿಸಿರಲಿಲ್ಲ.

ಎರಡು ವರ್ಷ ಚೆನ್ನಾಗಿಯೇ ಇದ್ದೆವು. ಓನರ್ ಎರಡು ರಸ್ತೆ ಆಚೆ ಇದ್ದರು. ಹಬ್ಬಕ್ಕೆ ಅವರ ಮನೆಯಿಂದ ಒಬ್ಬಟ್ಟು ಬರುತ್ತಿತ್ತು, ನಮ್ಮ ಮನೆಯಿಂದ ಊರಿನ ತೆಂಗಿನಕಾಯಿ ಹೋಗುತ್ತಿತ್ತು. 2023ರ ಮೇ ತಿಂಗಳಲ್ಲಿ ಒಂದು ಸಂಜೆ ಮನೆಗೆ ಬಂದು ಕೂತರು. ಮಗಳ ಮದುವೆ, ಸ್ವಲ್ಪ ಕೈಕಟ್ಟಾಗಿದೆ, ಇನ್ನೊಂದು ಮೂರು ಲಕ್ಷ ಕೊಟ್ಟರೆ 2026ರ ತನಕ ಹೊಸ ಅಗ್ರಿಮೆಂಟ್ ಮಾಡಿಕೊಡುತ್ತೇನೆ ಅಂದರು. "ನೀವು ನಮ್ಮ ಮನೆ ಹುಡುಗರ ಥರ, ನಿಮ್ಮ ದುಡ್ಡು ಎಲ್ಲಿಗೆ ಹೋಗುತ್ತೆ" ಅಂದರು. ಮಕ್ಕಳ ಸ್ಕೂಲ್ ಹತ್ತಿರ ಇದೆ, ಮತ್ತೆ ಮನೆ ಹುಡುಕುವುದು ಬೇಡ ಅಂತ ಕೊಟ್ಟೆವು. ಒಟ್ಟು 18 ಲಕ್ಷ ಆಯಿತು.

ಅಕ್ಟೋಬರ್‌ನಲ್ಲಿ ಆಯುಧ ಪೂಜೆಗೆ ಗಾಡಿ ತೊಳೆಯುತ್ತಿದ್ದೆ. ಬ್ಯಾಂಕಿನವರು ಇಬ್ಬರು ಬಂದು ಗೇಟಿನ ಪಕ್ಕದ ಗೋಡೆಗೆ ನೋಟಿಸ್ ಅಂಟಿಸಿ ಫೋಟೋ ತೆಗೆದುಕೊಂಡರು. ಸ್ವಾಧೀನ ನೋಟಿಸ್. ಇಂತಿಷ್ಟು ಲಕ್ಷ ಸಾಲ ಬಾಕಿ, ಸರ್ಫೇಸಿ ಕಾಯ್ದೆ 2002ರ (ಅಡಮಾನದ ಆಸ್ತಿಯಿಂದ ಬ್ಯಾಂಕುಗಳು ಸಾಲ ವಸೂಲಿ ಮಾಡಿಕೊಳ್ಳುವ ಕಾನೂನು) ಪ್ರಕಾರ ಈ ಆಸ್ತಿಯನ್ನು ಸ್ವಾಧೀನಕ್ಕೆ ತೆಗೆದುಕೊಂಡಿದ್ದೇವೆ, ಸಾರ್ವಜನಿಕರು ಯಾರೂ ಇದರ ವ್ಯವಹಾರ ಮಾಡಬಾರದು ಅಂತ. ಈ ನೋಟಿಸನ್ನು ಎರಡು ಪತ್ರಿಕೆಗಳಲ್ಲೂ ಹಾಕಿಸಬೇಕು, ಅದರಲ್ಲಿ ಒಂದು ಸ್ಥಳೀಯ ಭಾಷೆಯದ್ದು, ಹಾಗಂತ ನಿಯಮ ಇದೆ. ರಸ್ತೆಯವರೆಲ್ಲ ಬಂದು ಓದಿದರು. ನನ್ನ ಹೆಂಡತಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ನೋಟಿಸ್ ಪೂರ್ತಿ ಓದಿದ ಮೇಲೆ ಹೊಟ್ಟೆಗೆ ಬೆಂಕಿ ಬಿದ್ದಿದ್ದು ಬೇರೆ ಒಂದು ಸಾಲು ನೋಡಿ. ಸಾಲ 60 ದಿನದೊಳಗೆ ಕಟ್ಟಿ ಅಂತ ಓನರ್‌ಗೆ ಮೊದಲ ನೋಟಿಸ್ ಕೊಟ್ಟಿದ್ದು 2023ರ ಮಾರ್ಚ್‌ನಲ್ಲಿ. ಅಂದರೆ ಮೇ ತಿಂಗಳಲ್ಲಿ ನಮ್ಮ ಸೋಫಾ ಮೇಲೆ ಕೂತು ಕಾಫಿ ಕುಡಿದು ಮೂರು ಲಕ್ಷ ಕೇಳಿದಾಗ ಅವರಿಗೆ ಮನೆ ಹೋಗುತ್ತದೆ ಅಂತ ಗೊತ್ತಿತ್ತು. ಆ ನೋಟಿಸ್ ಬಂದ ಮೇಲೆ ಬ್ಯಾಂಕಿನ ಲಿಖಿತ ಒಪ್ಪಿಗೆ ಇಲ್ಲದೆ ಆ ಆಸ್ತಿಯನ್ನು ಯಾರಿಗೂ ಲೀಸ್ ಕೊಡುವ ಹಾಗೇ ಇಲ್ಲ, ಅದು ಕಾಯ್ದೆಯಲ್ಲೇ ಇದೆ. ಸಾಲ ಯಾರಿಗಾದರೂ ಆಗಬಹುದು, ಕೊರೋನಾದಲ್ಲಿ ಕಂತು ನಿಂತಿದ್ದಕ್ಕೆ ನಾನು ಅವರನ್ನು ಬೈಯುವುದಿಲ್ಲ. ಆದರೆ ಆ ಮೂರು ಲಕ್ಷ ಮೋಸ. ಅದಕ್ಕೆ ಬೇರೆ ಹೆಸರಿಲ್ಲ.

ಓನರ್ ಮನೆಗೆ ಓಡಿದೆವು. "ಏನೂ ಆಗಲ್ಲ, ಬ್ಯಾಂಕಿನವರ ಹತ್ತಿರ ಮಾತಾಡಿದೀನಿ, ಒನ್ ಟೈಮ್ ಸೆಟಲ್‌ಮೆಂಟ್ ಆಗುತ್ತೆ, ನೀವು ಆರಾಮಾಗಿರಿ" ಅಂದರು. ಅಂದರೆ ಬ್ಯಾಂಕ್ ಒಪ್ಪಿದ ಒಂದು ಮೊತ್ತ ಕಟ್ಟಿ ಸಾಲ ಮುಗಿಸುವುದು. ನಂಬಿ ಸುಮ್ಮನಾದೆವು. ಇದು ನಮ್ಮ ಇನ್ನೊಂದು ದೊಡ್ಡ ತಪ್ಪು. ಬ್ಯಾಂಕಿನ ಕ್ರಮದ ವಿರುದ್ಧ ಡಿಆರ್‌ಟಿ ಅಂದರೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬೇಕಾದರೆ ಇರುವುದು 45 ದಿನ. ನಾವು ಲಾಯರ್ ಹತ್ತಿರ ಹೋಗುವ ಹೊತ್ತಿಗೆ ಆ 45 ದಿನವೂ ಮುಗಿದಿತ್ತು.

ಲಾಯರ್ ಅಗ್ರಿಮೆಂಟ್ ತಿರುಗಿಸಿ ನೋಡಿ "ರಿಜಿಸ್ಟರ್ ಆಗಿಲ್ಲವಲ್ಲ" ಅಂದರು. ಒಂದು ವರ್ಷಕ್ಕಿಂತ ಜಾಸ್ತಿ ಅವಧಿಯ ಲೀಸ್ ರಿಜಿಸ್ಟರ್ ಆಗಲೇಬೇಕು ಅಂತ 1908ರ ನೋಂದಣಿ ಕಾಯ್ದೆಯೇ ಹೇಳುತ್ತದೆ. ನೋಟರಿ ಸೀಲ್ ಅಂದರೆ ರಿಜಿಸ್ಟರ್ ಅಲ್ಲ. ನೂರಾರು ಜನ ಎರಡೂ ಒಂದೇ ಅಂದುಕೊಂಡಿದ್ದಾರೆ, ನಾವೂ ಹಾಗೇ ಅಂದುಕೊಂಡಿದ್ದೆವು. ರಿಜಿಸ್ಟರ್ ಆಗದ ಕಾಗದ ಇಟ್ಟುಕೊಂಡು ಬ್ಯಾಂಕಿನ ಎದುರು ಬಾಡಿಗೆದಾರರು ಹೆಚ್ಚು ದಿನ ಉಳಿಯೋಕೆ ಆಗಲ್ಲ ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆಯಂತೆ. ಅದೂ ಅಲ್ಲದೆ ನಮ್ಮ ಲೀಸ್‌ಗಿಂತ ಬ್ಯಾಂಕಿನ ಸಾಲ ಹಳೆಯದು. ಆದ್ದರಿಂದ ಮನೆ ಮೇಲೆ ಮೊದಲ ಹಕ್ಕು ಅವರದ್ದು. ಮನೆ ಹರಾಜಾದರೂ ದುಡ್ಡು ಮೊದಲು ಹೋಗುವುದು ಬ್ಯಾಂಕಿಗೆ. ನಾವು ಓನರ್‌ಗೆ ಕೈಸಾಲ ಕೊಟ್ಟವರ ಥರ, ಅಷ್ಟೇ.

2024ರ ಫೆಬ್ರವರಿಯಲ್ಲಿ ಕೋರ್ಟ್ ನೇಮಿಸಿದ ಕಮಿಷನರ್ ಪೊಲೀಸರ ಜೊತೆ ಬಂದರು. ಮಕ್ಕಳಿಗೆ ಪರೀಕ್ಷೆ ಇದೆ ಅಂತ ಬೇಡಿಕೊಂಡ ಮೇಲೆ ಹದಿನೈದು ದಿನ ಕೊಟ್ಟರು. ಅವರು ಒರಟಾಗಿ ಮಾತಾಡಲಿಲ್ಲ, ಅದನ್ನು ಹೇಳಬೇಕು. ಹದಿನೈದನೇ ದಿನ ಸಾಮಾನೆಲ್ಲ ಒಂದು ಟಾಟಾ ಏಸ್‌ಗೆ ತುಂಬಿ, ಬೀರು ಹಿಡಿಸದೆ ಅದನ್ನು ಪರಿಚಯದವರ ಮನೆಯಲ್ಲಿ ಬಿಟ್ಟು, ಮತ್ತೆ ಲಗ್ಗೆರೆಗೆ ಒಂದು ರೂಮಿನ ಮನೆಗೆ ಬಂದೆವು. ಅದಕ್ಕೆ ಅಡ್ವಾನ್ಸ್ ಕೊಡೋಕೂ ಸಾಲ ಮಾಡಿದೆ.

ಪೊಲೀಸ್ ಸ್ಟೇಷನ್‌ನಲ್ಲಿ ಇದು ಸಿವಿಲ್ ಸ್ವರೂಪದ್ದು ಅಂತ ಹಿಂಬರಹ ಕೊಟ್ಟು ಕಳಿಸಿದರು. ಓನರ್ ತಲಾ ಆರು ಲಕ್ಷದ ಮೂರು ಚೆಕ್ ಕೊಟ್ಟಿದ್ದರು, ಮೊದಲನೆಯದೇ ಬೌನ್ಸ್. ಇಲ್ಲಿ ಮಾತ್ರ ನಾವು ತಡ ಮಾಡಲಿಲ್ಲ. ಚೆಕ್ ವಾಪಸ್ ಬಂದ ಮಾಹಿತಿ ಸಿಕ್ಕ 30 ದಿನದೊಳಗೆ ಲಾಯರ್ ನೋಟಿಸ್ ಕಳಿಸಬೇಕು. ಅದು ತಲುಪಿ 15 ದಿನ ಆದರೂ ದುಡ್ಡು ಬರದಿದ್ದರೆ ಮುಂದಿನ ಒಂದು ತಿಂಗಳಲ್ಲಿ ಕೋರ್ಟ್‌ಗೆ ದೂರು ಹಾಕಬೇಕು. ಒಂದು ದಿನ ಆಚೀಚೆ ಆದರೂ ಕಷ್ಟ. ಮೂರೂ ಚೆಕ್ಕಿಗೆ ಹೀಗೇ ಮಾಡಿದೆವು.

ಈಗ ಲೀಸ್ ಬಗ್ಗೆ ನನಗೆ ಅರ್ಥ ಆಗಿದ್ದನ್ನು ಹೇಳುತ್ತೇನೆ. ತಿಂಗಳಿಗೆ 13 ಸಾವಿರದ ಮನೆ ಅಂದರೆ ವರ್ಷಕ್ಕೆ 1,56,000. 15 ಲಕ್ಷಕ್ಕೆ ಅದು ಹತ್ತು ಪರ್ಸೆಂಟ್‌ಗಿಂತ ಜಾಸ್ತಿ ಬಡ್ಡಿ ಆಯಿತು. ಮನೆ ಇರುವವರಿಗೆ ಬ್ಯಾಂಕಿನಲ್ಲಿ ಅದಕ್ಕಿಂತ ಕಡಿಮೆ ಬಡ್ಡಿಗೆ ಸಾಲ ಸಿಗುವ ಕಾಲ ಅದು. ಹಾಗಿದ್ದರೂ ಅವರು ನಮ್ಮ ಹತ್ತಿರ ಯಾಕೆ ಬಂದರು? ಈ ಪ್ರಶ್ನೆ ನೀವು ಓನರ್‌ಗೆ ನೇರವಾಗಿ ಕೇಳಿ. ಇನ್ನೊಂದು ಮನೆ ಕಟ್ಟುತ್ತಿದ್ದೇವೆ, ಹಳೆ ಸಾಲ ತೀರಿಸಬೇಕು, ಏನೇ ಇರಲಿ ಉತ್ತರ ಬೇಕು. ಉತ್ತರ ಕೊಡೋಕೆ ಸಿಟ್ಟು ಮಾಡಿಕೊಂಡರೆ ಎದ್ದು ಬನ್ನಿ. ಇನ್ನು ನಮ್ಮ ಲಾಭ? ಆ 15 ಲಕ್ಷವನ್ನು ಎಫ್‌ಡಿ ಇಟ್ಟಿದ್ದರೂ ತಿಂಗಳಿಗೆ ಆರೇಳು ಸಾವಿರ ಬರುತ್ತಿತ್ತು. ಅಂದರೆ ಲೀಸ್‌ನಿಂದ ನಿಜವಾಗಿ ಉಳಿದಿದ್ದು ತಿಂಗಳಿಗೆ ಇನ್ನೊಂದು ಆರೇಳು ಸಾವಿರ, ಒಡವೆ ಸಾಲದ ಬಡ್ಡಿ ಕಳೆದರೆ ಅಷ್ಟೂ ಇಲ್ಲ. ಅಷ್ಟಕ್ಕೆ ಇಡೀ ಗಂಟನ್ನು ಒಬ್ಬರ ಕೈಗೆ ಕೊಟ್ಟೆವು.

ಕೊಡಲೇಬೇಕು ಅಂತಿದ್ದರೆ ಇಸಿಯನ್ನು ನೀವೇ ತೆಗೆಸಿ. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಅರ್ಜಿ ಹಾಕಬಹುದು, ಖರ್ಚು ತೀರಾ ಕಡಿಮೆ. ದುಡ್ಡು ಕೊಡುವ ವಾರದ ತನಕದ್ದು ಇರಲಿ. ಕೆಲವು ಸಲ ಪತ್ರ ಇಟ್ಟು ತೆಗೆದ ಸಾಲ ಇಸಿಯಲ್ಲಿ ಕಾಣುವುದಿಲ್ಲ, ಅದಕ್ಕೆ ಸೆರ್ಸಾಯ್ ಅಂತ ಕೇಂದ್ರದ ಇನ್ನೊಂದು ದಾಖಲೆ ಇದೆ. ಬ್ಯಾಂಕುಗಳು ಆಸ್ತಿ ಅಡಮಾನವನ್ನು ಅಲ್ಲಿ ದಾಖಲಿಸುತ್ತವೆ, ಸ್ವಲ್ಪ ಶುಲ್ಕ ಕಟ್ಟಿ ಯಾರು ಬೇಕಾದರೂ ಹುಡುಕಬಹುದು. ಸಾಲ ಇದೆ ಅಂತ ಓನರ್ ಒಪ್ಪಿಕೊಂಡರೆ ಬ್ಯಾಂಕಿನಿಂದ ಒಪ್ಪಿಗೆ ಪತ್ರ ತರಿಸಿ, ನಿಮ್ಮ ದುಡ್ಡು ನೇರ ಆ ಸಾಲದ ಖಾತೆಗೆ ಹೋಗಲಿ. ಆಮೇಲೆ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ರಿಜಿಸ್ಟರ್. ಕ್ಯಾಶ್ ಕೊಡಲೇಬೇಡಿ. ನಮ್ಮ ಕೊನೆಯ ಮೂರು ಲಕ್ಷ ಕ್ಯಾಶ್, ಅದನ್ನು ಕೋರ್ಟ್‌ನಲ್ಲಿ ತೋರಿಸೋದು ಎಷ್ಟು ಕಷ್ಟ ಅಂತ ಈಗ ಗೊತ್ತಾಗುತ್ತಿದೆ.

ಇನ್ನೊಂದು ಥರದ ಮೋಸವೂ ನಡೆಯುತ್ತಿದೆ, ಅದು ಅಪಾರ್ಟ್‌ಮೆಂಟ್‌ಗಳಲ್ಲಿ ಜಾಸ್ತಿ. ಮಧ್ಯದಲ್ಲಿ ಒಬ್ಬರು ಓನರ್ ಹತ್ತಿರ ಫ್ಲ್ಯಾಟ್ ಬಾಡಿಗೆಗೆ ತೆಗೆದುಕೊಂಡು ನಮ್ಮಂಥವರಿಗೆ ಲೀಸ್‌ಗೆ ಕೊಡುತ್ತಾರೆ. ಕೆಲವು ತಿಂಗಳು ಓನರ್‌ಗೆ ಬಾಡಿಗೆ ಕಟ್ಟಿ ಆಮೇಲೆ ನಿಲ್ಲಿಸಿಬಿಡುತ್ತಾರೆ. ಒಂದು ದಿನ ಓನರ್ ಬಂದು ನೀವು ಯಾರು ಅಂತ ಕೇಳುತ್ತಾರೆ. ನನ್ನ ಜೊತೆ ಕೆಲಸ ಮಾಡುವವರೊಬ್ಬರು ಹೀಗೆ ಹತ್ತು ಲಕ್ಷ ಕಳೆದುಕೊಂಡರು. ನೀವು ಸಹಿ ಹಾಕುವುದು ಆಸ್ತಿಯ ಖಾತೆ ಪತ್ರದಲ್ಲಿ ಹೆಸರಿರುವ ಓನರ್ ಜೊತೆಗೇನಾ, ದುಡ್ಡು ಅವರ ಬ್ಯಾಂಕ್ ಅಕೌಂಟಿಗೇ ಹೋಗುತ್ತಿದೆಯಾ, ಎರಡನ್ನೂ ನೋಡಿ.

ಈಗಾಗಲೇ ಲೀಸ್ ಮನೆಯಲ್ಲಿ ಇರುವವರು ಈ ವಾರವೇ ಇಸಿ ತೆಗೆಸಿ ನೋಡಿ. ಗೇಟಿಗೆ ನೋಟಿಸ್ ಅಂಟಿಸಿದರೆ ಫೋಟೋ ತೆಗೆದುಕೊಂಡು ಅವತ್ತೇ ಲಾಯರ್ ಹತ್ತಿರ ಹೋಗಿ. ಓನರ್ ಮನೆಗೆ ಆಮೇಲೆ ಹೋದರಾಯಿತು. ನಾವು ನಾಚಿಕೆಗೆ ಯಾರಿಗೂ ಹೇಳದೆ ಎರಡು ತಿಂಗಳು ಕಳೆದೆವು, ಊರಿಗೆ ಫೋನ್ ಮಾಡಿದಾಗಲೂ ಮನೆ ಚೆನ್ನಾಗಿದೆ ಅಂತಲೇ ಹೇಳುತ್ತಿದ್ದೆವು.

ಚೆಕ್ ಕೇಸ್ ಇನ್ನೂ ನಡೆಯುತ್ತಿದೆ. ಇವತ್ತಿನ ತನಕ ಒಂದು ರೂಪಾಯಿಯೂ ವಾಪಸ್ ಬಂದಿಲ್ಲ. ಅಪ್ಪನಿಗೆ ಹೋದ ವರ್ಷ ಎಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಮಕ್ಕಳನ್ನು ರಜೆಗೆ ಕಳಿಸು ಅಂದರು.